ಹಟ್ಟಿಯ ಹಿರಿಯರೇ ಸಭೆ ನಡೆಸಿದರೆ ನಮ್ಮ ಮಾತು ಯಾರು ಕೇಳುತ್ತಾರೆ?

ಪ್ರಶ್ನೆ: ನಾನು ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯವಳು. ಕಾಡುಗೊಲ್ಲ ಸಮುದಾಯ. ತುಮಕೂರಿನಲ್ಲಿ ಎಂಎಸ್‌ಡಬ್ಲ್ಯೂ ಮುಗಿಸಿ ಊರಿಗೆ ಬಂದು ಒಂದು ವರ್ಷವಾಯಿತು. ನಮ್ಮ ಹಟ್ಟಿಯಲ್ಲಿ ಈಗಲೂ ಮುಟ್ಟಾದವರು ಮೂರು ದಿನ ಹೊರಗಿರಬೇಕು. ಬಾಣಂತಿ ಮತ್ತು ಕೂಸು ವಾರಗಟ್ಟಲೆ ಊರಾಚೆಯ ಗುಡಿಸಲಿನಲ್ಲಿರಬೇಕು. ಇದರ ಬಗ್ಗೆ ಹಟ್ಟಿಯಲ್ಲೇ ಸಭೆ ಮಾಡೋಣ ಅಂತ ತುಮಕೂರಿನ ಒಂದು ಯುವಕರ ತಂಡವನ್ನು ಕೇಳಿದೆ. ಅವರು ಶಾಮಿಯಾನ, ಊಟದ ಖರ್ಚು ಕೊಡಲು ತಯಾರಿದ್ದಾರೆ. ಆದರೆ "ಮೂಲ ಸಮುದಾಯದ ಸಭೆ ಅಂದರೆ ಅದರ ನಾಯಕರೇ ನಡೆಸಬೇಕು, ನಿಮ್ಮ ಹಿರಿಯರು ಒಪ್ಪಿದರೆ ಮಾತ್ರ ಬರುತ್ತೇವೆ" ಅನ್ನುತ್ತಾರೆ. ಹಿರಿಯರನ್ನು ಕೇಳಿದರೆ "ರಸ್ತೆ, ನೀರು, ಎಸ್‌ಟಿ ವಿಷಯ ಮಾತಾಡೋಣ. ಆ ವಿಷಯ ಮಾತ್ರ ಬೇಡ, ಅದು ದೇವರದ್ದು" ಅನ್ನುತ್ತಾರೆ. ನಮ್ಮ ವಾರಗೆಯ ಹುಡುಗರು "ಆಚಾರ ಬಿಟ್ಟರೆ ನಮಗೆ ಎಸ್‌ಟಿ ಸಿಗಲ್ಲ" ಅಂತ ಬೇರೆ ಹೆದರಿಸುತ್ತಾರೆ. ಕಾನೂನು ಇದೆಯಲ್ಲ, ದೂರು ಕೊಟ್ಟುಬಿಡಲೇ ಅಂತಲೂ ಅನ್ನಿಸುತ್ತದೆ. ನನ್ನ ದೊಡ್ಡಪ್ಪನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ. ಈಗ ಏಳು ತಿಂಗಳು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಸಭೆಯ ಬಗ್ಗೆ. ನಿಮ್ಮ ನಿದ್ದೆ ಕೆಡಿಸಿರುವುದು ಅಕ್ಕನ ಹೆರಿಗೆ. ಮೊದಲು ಇವೆರಡನ್ನೂ ಬೇರೆ ಮಾಡಿಕೊಳ್ಳಿ. ಸಭೆಗೆ ಒಂದು ವರ್ಷ ಬೇಕಾಗಬಹುದು, ಹೆರಿಗೆ ಅಷ್ಟು ದಿನ ಕಾಯುವುದಿಲ್ಲ. ಅಕ್ಕನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಶಿರಾ, ಮಧುಗಿರಿ, ಪಾವಗಡ ಕಡೆಯ ಹಟ್ಟಿ, ತಾಂಡಾ, ಕೇರಿಗಳಲ್ಲಿ ಜನರನ್ನು ಕೂಡಿಸುವ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮಾಡಿದ್ದೇನೆ. ಅದರಲ್ಲಿ ಕೆಟ್ಟ ಸಭೆಗಳೇ ಜಾಸ್ತಿ. ಒಂದನ್ನು ಹೇಳಿಬಿಡುತ್ತೇನೆ.

ಹಟ್ಟಿಯ ಮುಂದೆ ಶಾಮಿಯಾನ ಹಾಕಿದ್ದೆವು. ಫ್ಲೆಕ್ಸಿನಲ್ಲಿ ದೊಡ್ಡದಾಗಿ 'ಸಮುದಾಯದ ನೇತೃತ್ವದಲ್ಲಿ ಅರಿವಿನ ಸಭೆ' ಅಂತ ಬರೆಸಿದ್ದೆವು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗೌಡರು, ಪೂಜಾರಪ್ಪ, ಯಜಮಾನರು. ಹೆಂಗಸರೆಲ್ಲ ಶಾಮಿಯಾನದಾಚೆ ಹುಣಸೆ ಮರದ ಬುಡದಲ್ಲಿ ನೆಲದ ಮೇಲೆ. ವೇದಿಕೆಯ ಮೇಲಿದ್ದವರೊಬ್ಬರು ನಲವತ್ತು ನಿಮಿಷ ಮುಟ್ಟಿನ ವಿಜ್ಞಾನ ಹೇಳಿದರು. ಯಜಮಾನರು ಮೈಕ್ ಹಿಡಿದು "ಇನ್ಮೇಲೆ ನಮ್ಮ ಹಟ್ಟೀಲಿ ಇದೆಲ್ಲ ಇರಲ್ಲ" ಅಂದರು. ಚಪ್ಪಾಳೆ ಬಿತ್ತು, ಫೋಟೋ ಆಯಿತು, ಚಿತ್ರಾನ್ನ ಹಂಚಿದೆವು. ಸಂಜೆ ನಾನು ಬೈಕ್ ಹತ್ತುವಾಗ ನೋಡಿದರೆ ಮುಳ್ಳುಬೇಲಿಯಾಚೆ ಇಬ್ಬರು ಹುಡುಗಿಯರು ತಟ್ಟೆ ಹಿಡಿದು ಕೂತಿದ್ದರು. ಅವರ ಅಮ್ಮ ಬೇಲಿಯ ಈಚೆಯಿಂದ, ತಟ್ಟೆಗೆ ಸೌಟು ತಾಗದ ಹಾಗೆ, ನಮ್ಮ ಸಭೆಯ ಚಿತ್ರಾನ್ನವನ್ನೇ ಬಡಿಸುತ್ತಿದ್ದಳು.

ಆ ಸಭೆಯನ್ನು ಹಟ್ಟಿಯ ನಾಯಕರು ನಡೆಸಲಿಲ್ಲ, ಅವರು ಅದರಲ್ಲಿ ಕೂತಿದ್ದರು ಅಷ್ಟೆ. ದಿನ ಗೊತ್ತು ಮಾಡಿದ್ದು ನಾವು. ಜಾಗ, ವಿಷಯ, ಯಾರು ಎಷ್ಟು ಹೊತ್ತು ಮಾತಾಡಬೇಕು ಅನ್ನುವುದೂ ನಮ್ಮದೇ. ಅವರಿಗೆ ಬಿಟ್ಟಿದ್ದು ಒಂದೇ ಕೆಲಸ, ತಲೆಯಾಡಿಸುವುದು. ಹಾಗಾಗಿ ತಲೆಯಾಡಿಸಿ ಕಳಿಸಿದರು.

ಈಗ ನಿಮ್ಮ ತುಮಕೂರಿನ ಗೆಳೆಯರ ಮಾತಿಗೆ ಬರೋಣ. ಅವರ ತತ್ವ ತಪ್ಪಲ್ಲ. ಹೊರಗಿನವರು ಬಂದು ಬುಡಕಟ್ಟು ಜನರ ಒಳ್ಳೆಯದನ್ನು ತಾವೇ ತೀರ್ಮಾನಿಸುವುದು ಶತಮಾನಗಳಿಂದ ನಡೆದಿದೆ. ಅದಕ್ಕೆ ಉತ್ತರವಾಗಿ ಬಂದ ಮಾತು ಇದು. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಒಪ್ಪಿಕೊಂಡಿತು. ಭಾರತವೂ ಪರವಾಗಿ ಮತ ಹಾಕಿತು. ತಮಗೆ ಸಂಬಂಧಪಟ್ಟ ತೀರ್ಮಾನವನ್ನು ತಾವೇ ಆರಿಸಿಕೊಂಡವರ ಮೂಲಕ ತೆಗೆದುಕೊಳ್ಳುವ ಹಕ್ಕು ಅದರ 18ನೇ ವಿಧಿಯಲ್ಲಿದೆ. ಯುವಕರ ತಂಡಗಳು ಸಾಮಾನ್ಯವಾಗಿ ಅಲ್ಲಿಗೇ ಓದು ನಿಲ್ಲಿಸುತ್ತವೆ. 22ನೇ ವಿಧಿ ಆ ಸಮುದಾಯಗಳ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಹಿಂಸೆ ಮತ್ತು ತಾರತಮ್ಯದಿಂದ ಪೂರ್ತಿ ರಕ್ಷಣೆ ಸಿಗಬೇಕು ಅನ್ನುತ್ತದೆ. 34ನೇ ವಿಧಿ ಪದ್ಧತಿಗಳನ್ನು ಕಾಪಾಡಿಕೊಳ್ಳುವ ಹಕ್ಕು ಕೊಡುತ್ತಲೇ, ಅವು ಮಾನವ ಹಕ್ಕುಗಳಿಗೆ ಹೊಂದಿಕೊಂಡಿರಬೇಕು ಅನ್ನುತ್ತದೆ. ಎರಡೂ ಒಂದೇ ಕಾಗದದಲ್ಲಿವೆ. ಹಾಗಾಗಿ 'ಹಿರಿಯರು ಬೇಡ ಅಂದರು, ಮುಗಿಯಿತು' ಅನ್ನುವುದು ಗೌರವ ಅಲ್ಲ, ಜಾರಿಕೊಳ್ಳುವುದು.

ಇನ್ನೂ ಒಂದು ಮಾತು. ಹಿರಿಯರು ಅಂದಕೂಡಲೇ ನೀವು, ನಿಮ್ಮ ಗೆಳೆಯರು ಇಬ್ಬರೂ ಗಂಡಸರನ್ನೇ ಎಣಿಸಿದ್ದೀರಿ. ನ್ಯೂಜಿಲೆಂಡಿನ ಮಾವೊರಿ ಜನರ ಸಭೆಗೆ ಹೋದ ಅತಿಥಿ ಸೀದಾ ಒಳಗೆ ನುಗ್ಗುವ ಹಾಗಿಲ್ಲ. ಬಾಗಿಲಲ್ಲಿ ಕಾಯಬೇಕು. ಒಳಗಿನಿಂದ ಕರೆ ಬರಬೇಕು. ಆ ಕರೆ ಕೂಗುವುದು ಹೆಂಗಸು. ಅದೇ ಮಾವೊರಿಗಳ ಕೆಲವು ಕುಲಗಳಲ್ಲಿ ಆಮೇಲಿನ ಔಪಚಾರಿಕ ಭಾಷಣ ಮಾತ್ರ ಗಂಡಸರದ್ದೇ, ಅದರ ಬಗ್ಗೆ ಅವರೊಳಗೇ ಜಗಳವಿದೆ. ಅಂದರೆ ನಾಯಕತ್ವ ಯಾವ ಸಮುದಾಯದಲ್ಲೂ ಒಂದೇ ಕುರ್ಚಿಯಲ್ಲಿ ಕೂತಿರುವುದಿಲ್ಲ. ನಮ್ಮ ಕಡೆಯೂ ಹಾಗೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡು-ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು. ನಿಮ್ಮ ದೇವರ ಕಥೆಯ ಅರ್ಧ ಗಣೆ ಅನ್ನುವ ಕೊಳಲು ಊದುವ ಗಂಡಸರ ಹತ್ತಿರ ಇದ್ದರೆ ಇನ್ನರ್ಧ ಅಂಥ ಅಜ್ಜಿಯರ ಹತ್ತಿರ ಇದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ನಿಮ್ಮ ಸಮುದಾಯದವರಲ್ಲ. ಆದರೂ ಹೆರಿಗೆ ವಿಷಯದಲ್ಲಿ ಆ ಸೀಮೆಯೇ ಅವರ ಮಾತು ಕೇಳುತ್ತಿತ್ತು. 2018ರಲ್ಲಿ ಪದ್ಮಶ್ರೀ ಬರುವುದಕ್ಕೂ ಎಷ್ಟೋ ವರ್ಷ ಮೊದಲಿನ ಮಾತಿದು. ನಿಮ್ಮ ಹಟ್ಟಿಯಲ್ಲಿ ಬಾಣಂತಿಗೆ ಯಾರು ನೀರು ಹಾಕುತ್ತಾರೆ? ಗುಡಿಸಲಿಗೆ ಊಟ ಕೊಂಡೊಯ್ಯುವವರು ಯಾರು? ಎಷ್ಟು ದಿನಕ್ಕೆ ಒಳಗೆ ಬರಬಹುದು ಅಂತ ಲೆಕ್ಕ ಹಾಕುವವರು ಯಾರು? ಅವರನ್ನು ಹುಡುಕಿ. ಎಷ್ಟೋ ಕಡೆ ಕಟ್ಟುನಿಟ್ಟು ಮಾಡುವವರೂ ಅವರೇ, ಅದು ನೆನಪಿರಲಿ.

ಎಸ್‌ಟಿ ವಿಷಯದಲ್ಲಿ ಹುಡುಗರು ಹೇಳುವುದನ್ನು ನಾನೂ ಕೇಳಿದ್ದೇನೆ. ಆ ಭಯಕ್ಕೆ ಒಂದು ಮೂಲ ಇದೆ, ಸುಮ್ನೆ ಹುಟ್ಟಿದ್ದಲ್ಲ. ಒಂದು ಸಮುದಾಯವನ್ನು ಪರಿಶಿಷ್ಟ ಪಂಗಡ (ಎಸ್‌ಟಿ) ಅಂತ ಗುರುತಿಸಲು 1965ರ ಲೋಕೂರ್ ಸಮಿತಿ ಹೇಳಿದ ಮಾನದಂಡಗಳು ಐದು: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕವಾಗಿ ಬೇರೆಯಾಗಿರುವುದು, ಹೊರಗಿನವರ ಜೊತೆ ಬೆರೆಯಲು ಹಿಂಜರಿಕೆ, ಹಿಂದುಳಿದಿರುವಿಕೆ. 'ಆದಿಮ' ಅನ್ನುವ ಆ ಪದ ಮಾಡಿದ ಅನಾಹುತ ಇದು. ಬಾಣಂತಿಯನ್ನು ಹೊರಗಿಟ್ಟರೆ ನಾವು ಆದಿಮ, ಒಳಗಿಟ್ಟರೆ ಅಲ್ಲ ಅಂತ ಜನ ಅರ್ಥ ಮಾಡಿಕೊಂಡಿದ್ದಾರೆ. ಪಟ್ಟಿಗೆ ಸೇರುವ ದಾರಿ ಬೇರೆ. ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು, ರಿಜಿಸ್ಟ್ರಾರ್ ಜನರಲ್ ಮತ್ತು ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ಒಪ್ಪಬೇಕು, ಕೊನೆಗೆ ಸಂಸತ್ತಿನಲ್ಲಿ ಕಾನೂನಾಗಬೇಕು. ನಿಮ್ಮ ದೇವರುಗಳಾದ ಜುಂಜಪ್ಪ, ಎತ್ತಪ್ಪ, ನಿಮ್ಮ ಗಣೆ, ಕುಲದ ಕಟ್ಟೆಮನೆ, ಕುರಿ ಹಿಂದೆ ಅಲೆಯುವ ಬದುಕು, ಇವೆಲ್ಲ ಸಂಸ್ಕೃತಿಯೇ ಅಲ್ವಾ? ಮಳೆಯಲ್ಲಿ ನೆನೆಯುವ ಕೂಸನ್ನು ತೋರಿಸಿ ಗಿಟ್ಟಿಸಿಕೊಳ್ಳುವ ಅಗತ್ಯ ಯಾವುದಕ್ಕೂ ಇಲ್ಲ.

'ಹಿಂದಿನವರು ವಿಜ್ಞಾನ ತಿಳಿದೇ ಮಾಡಿದ್ದರು, ಹೆಂಗಸರಿಗೆ ವಿಶ್ರಾಂತಿ ಸಿಗಲಿ ಅಂತ' ಅನ್ನುವವರೂ ನಿಮಗೆ ಸಿಗುತ್ತಾರೆ. ವಾದ ಮಾಡಬೇಡಿ. ಆ ಮೂರು ದಿನ ಕುರಿ ರೊಪ್ಪ ಗುಡಿಸುವ ಕೆಲಸ ತಪ್ಪುತ್ತದೆ, ಅಷ್ಟು ಮಟ್ಟಿಗೆ ಆರಾಮ ಅಂತ ನನಗೆ ಹೇಳಿದ ಹೆಂಗಸರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ವಿಶ್ರಾಂತಿ ಬೇಕು, ಅದು ಮನೆಯೊಳಗೆ ಸಿಗಬೇಕು ಅಂತ ಅವರೇ ಮಾತು ಮುಂದುವರಿಸುತ್ತಾರೆ, ಸ್ವಲ್ಪ ಕಾದರೆ.

ಕಾನೂನಿಗೆ ಬರೋಣ. ಹೌದು, ಇದೆ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ 2017ರಲ್ಲಿ ಮಾಡಿದ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಬೇರೆ ಇಡುವುದು ಅದರ ಪ್ರಕಾರ ಅಪರಾಧ. ಒಂದರಿಂದ ಏಳು ವರ್ಷದವರೆಗೆ ಜೈಲು ಆಗಬಹುದು, ಮೇಲೆ ದಂಡ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮಳೆ ಚಳಿಯಲ್ಲಿ ಊರಾಚೆ ಇಟ್ಟಿದ್ದ ಹಸುಗೂಸು ತೀರಿಕೊಂಡಾಗ ಈ ಕಾನೂನು ಇತ್ತು. ಅಂಗನವಾಡಿ ಇತ್ತು, ಪಂಚಾಯಿತಿ ಇತ್ತು. ಎಲ್ಲ ಇದ್ದೂ ಕೂಸು ಹೊರಗೇ ಇತ್ತು.

ದೂರು ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಜೀವಕ್ಕೆ ಅಪಾಯ ಇದ್ದಾಗ ಯಾವ ಹಿರಿಯರ ಅಪ್ಪಣೆಯೂ ಬೇಡ, ಫೋನ್ ಮಾಡಿ. ಆದರೆ ಪದ್ಧತಿ ಬಿಡಿಸುವ ಉಪಾಯ ಅಂತ ಕೇಸನ್ನು ನಂಬಿಕೊಳ್ಳಬೇಡಿ. ನೇಪಾಳದಲ್ಲಿ ಇಂಥದೇ ಛೌಪಡಿ ಪದ್ಧತಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲೇ ನಿಷೇಧಿಸಿತು. 2017ರಲ್ಲಿ ಜೈಲು, ದಂಡದ ಕಾನೂನೂ ಆಯಿತು. ಆಮೇಲೆ ಸಾವಿರಾರು ಗುಡಿಸಲುಗಳನ್ನು ಕೆಡವಿದರು. ಎಷ್ಟೋ ಊರಲ್ಲಿ ಗುಡಿಸಲು ಮತ್ತೆ ಎದ್ದಿತು. ಏಳದ ಕಡೆ ಹೆಂಗಸರು ದನದ ಕೊಟ್ಟಿಗೆಯಲ್ಲಿ, ಬಯಲಲ್ಲಿ ಮಲಗಿದರು. ಭಯ ಮನೆಯೊಳಗೇ ಇರುವಾಗ ಗುಡಿಸಲು ಮಾತ್ರ ಹೋದರೆ ಹೆಣ್ಣಿಗೆ ಇದ್ದ ಒಂದು ಸೂರೂ ಹೋಯಿತು. ನಮ್ಮಲ್ಲಿ ಇದರ ಉಲ್ಟಾ ನಡೆದಿದೆ. ಹೊರಗಿರುವ ಹೆಂಗಸರು ಉಳಿಯಲಿ ಅಂತ ಹಟ್ಟಿಗಳ ಪಕ್ಕ ಸರ್ಕಾರವೇ ಕೃಷ್ಣ ಕುಟೀರ ಅನ್ನುವ ಕಟ್ಟಡ ಕಟ್ಟಿಕೊಟ್ಟಿತು. ಹಾವು, ಮಳೆ, ನಾಯಿಯಿಂದ ರಕ್ಷಣೆ ಸಿಕ್ಕಿತು, ಅದನ್ನು ಕಡಿಮೆ ಅನ್ನಲಾರೆ. ಆದರೆ ಹೊರಗಿರುವುದಕ್ಕೆ ಆರ್‌ಸಿಸಿ ಛಾವಣಿಯೂ, ಸರ್ಕಾರದ ಬೋರ್ಡೂ ಸಿಕ್ಕ ಹಾಗಾಯಿತು.

ಹಾಗಾದರೆ ಏನು ಕೆಲಸ ಮಾಡುತ್ತದೆ? ನಾನು ಕಂಡದ್ದನ್ನು ಹೇಳುತ್ತೇನೆ. ಅದು ಪೂರ್ತಿ ಗೆದ್ದ ಕಥೆಯೂ ಅಲ್ಲ.

ಪಾವಗಡದ ಕಡೆಯ ಒಂದು ಹಟ್ಟಿ. ಸಭೆ ಅನ್ನುವ ಪದವನ್ನೇ ಅಲ್ಲಿ ಯಾರೂ ಬಳಸಲಿಲ್ಲ. ಬಿತ್ತನೆ ಬೀಜಕ್ಕೆ ಕಡ್ಲೆಕಾಯಿ ಬಿಡಿಸುವ ಕಾಲ. ಮಧ್ಯಾಹ್ನ ಹೆಂಗಸರು ಬೇವಿನ ಮರದ ಕೆಳಗೆ ಚೀಲ ಹಾಸಿಕೊಂಡು ಕೂರುತ್ತಿದ್ದರು. ನಮ್ಮ ಜೊತೆ ಇದ್ದ ಹಟ್ಟಿಯ ಸೊಸೆಯೊಬ್ಬಳು ಒಂದು ದಿನ "ಗುಡ್ಲಲ್ಲಿ ಹುಟ್ಟಿದ ಒಂದೊಂದು ಕೂಸಿಗೆ ಒಂದೊಂದು ಕಾಳು ಈ ಮೊರಕ್ಕೆ ಹಾಕ್ರೇ. ಉಳೀದೆ ಹೋದದ್ದಕ್ಕೆ ಆ ಮೊರಕ್ಕೆ" ಅಂದಳು. ನಗುತ್ತಲೇ ಶುರು ಮಾಡಿದರು. ಪೂಜಾರಪ್ಪನ ತಾಯಿ, ಎಂಬತ್ತರ ಹತ್ತಿರದ ಮುದುಕಿ, ಎರಡನೇ ಮೊರಕ್ಕೆ ಮೂರು ಕಾಳು ಹಾಕಿತು. ಅವಳಿಗೆ ಮೂರು ಕೂಸು ಹೋಗಿದ್ದು ಸೊಸೆಯರಿಗೇ ಗೊತ್ತಿರಲಿಲ್ಲ. ಅವತ್ತು ರಾತ್ರಿ ಅವಳು ಮಗನಿಗೆ ಏನು ಹೇಳಿದಳೋ ನಮಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಎಂಟು ತಿಂಗಳಾದ ಮೇಲೆ ಪೂಜಾರಪ್ಪ ದೇವರ ಹತ್ತಿರ ಹೂ ಕೇಳುತ್ತೇನೆ ಅಂದ. ಬಲಕ್ಕೆ ಬಿದ್ದರೆ ಬಾಣಂತಿಯನ್ನು ಮನೆಯ ಪಕ್ಕದ ಕೋಣೆಗೆ ತರುವುದು. ನನಗೆ ಜೀವ ಹಾರಿಹೋಯಿತು. ಎಡಕ್ಕೆ ಬಿದ್ದರೆ ಅಂತ ಕೇಳಿದೆ. "ಎಡಕ್ಕೆ ಬಿದ್ರೆ ನಾನು ಸರಿಯಾಗಿ ಕೇಳಿಲ್ಲ ಅಂತ. ಇನ್ನೊಂದ್ಸಲ ಕೇಳ್ತೀನಿ" ಅಂದ. ಆ ಮಾತು ಅವನು ಮಾತ್ರ ಆಡಬಹುದು. ನಾನು ಆಡಿದ್ದರೆ ಓಡಿಸುತ್ತಿದ್ದರು, ನೀವು ಆಡಿದ್ದರೂ ಅಷ್ಟೆ. ಪದ್ಧತಿಯನ್ನು ಬದಲಾಯಿಸುವ ದಾರಿ ಪದ್ಧತಿಯೊಳಗೇ ಇರುತ್ತದೆ, ಅದರ ಕೀಲಿ ಇಂಥವರ ಕೈಯಲ್ಲಿರುತ್ತದೆ. ಸಮುದಾಯದ ನಾಯಕತ್ವ ಅಂದರೆ ನನಗೆ ಇದು.

ನಿಯಮಗಿರಿಯಲ್ಲೂ ಇಂಥದನ್ನೇ ಕಾಣಬಹುದು. ಒಡಿಶಾದ ಆ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಅನ್ನುವುದನ್ನು ಗ್ರಾಮಸಭೆಗಳಿಗೇ ಬಿಡಿ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಹೇಳಿತು. 12 ಹಳ್ಳಿಗಳಲ್ಲಿ ಸಭೆ ನಡೆಯಿತು, ನ್ಯಾಯಾಧೀಶರೇ ಬಂದು ಕೂತರು. ಅಲ್ಲಿನ ಬುಡಕಟ್ಟಿನವರಾದ ಡೋಂಗ್ರಿಯಾ ಕೊಂಧರು ಗಣಿ ಲೆಕ್ಕ ಹೇಳಲಿಲ್ಲ. ತಮ್ಮ ಮಾತಿನಲ್ಲಿ, ತಮ್ಮ ದೇವರು ನಿಯಮರಾಜನ ಬಗ್ಗೆ ಹೇಳಿದರು. 12ಕ್ಕೆ 12 ಹಳ್ಳಿಗಳೂ ಬೇಡ ಅಂದವು. ಆದರೆ ಆ 12 ಹಳ್ಳಿಗಳನ್ನು ಆರಿಸಿದ್ದು ಸರ್ಕಾರ. ನೂರಕ್ಕೂ ಹೆಚ್ಚು ಹಳ್ಳಿಗಳಿರುವಾಗ ಇಷ್ಟೇ ಯಾಕೆ ಅಂತ ಅಲ್ಲಿನವರು ಆಗಲೇ ತಕರಾರು ಎತ್ತಿದ್ದರು. ಯಾರು ಮಾತಾಡಿದರು ಅನ್ನುವುದರಷ್ಟೇ, ಎಲ್ಲಿ ಕೂತು ಮಾತಾಡಬೇಕು ಅಂತ ಯಾರು ಹೇಳಿದರು ಅನ್ನುವುದೂ ಮುಖ್ಯ.

ಪಾವಗಡದ ಕಡೆಯ ಹಟ್ಟಿಯ ಕಥೆ ಮುಗಿದಿಲ್ಲ. ಹೂ ಬಲಕ್ಕೇ ಬಿತ್ತು. ಒಬ್ಬ ಬಾಣಂತಿ ಕೋಣೆಗೆ ಬಂದಳು. ಆ ವರ್ಷ ಮಳೆ ಜಾಸ್ತಿ, ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ಅದು ನುಸಿ ಕಡಿತದಿಂದ ಹರಡುವ ರೋಗ. ತಪ್ಪು ಹೊತ್ತದ್ದು ಬಾಣಂತಿ. ಎರಡು ತಿಂಗಳು ಅವಳ ಹತ್ತಿರ ಯಾರೂ ಸರಿಯಾಗಿ ಮಾತಾಡಲಿಲ್ಲ. ಇಂಥದ್ದೊಂದು ಆಗುತ್ತದೆ ಅಂತ ನಮಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಈಗ ಯಾರೇ ಕೇಳಿದರೂ ನಾನು ಹೇಳುವುದು: ಪದ್ಧತಿ ಬದಲಾಯಿಸುವ ವರ್ಷ ಮಳೆಗಾಲಕ್ಕೆ ಮುಂಚೆ ಪಶು ಆಸ್ಪತ್ರೆಯವರನ್ನು ಕರೆಸಿ ಅಷ್ಟೂ ಕುರಿಗೆ ಲಸಿಕೆ ಹಾಕಿಸಿ. ನಗಬೇಡಿ. ಎಷ್ಟು ಭಾಷಣ ಮಾಡಿದರೂ ಇಷ್ಟು ಉಪಯೋಗ ಆಗಲ್ಲ. ಆ ಹಟ್ಟಿಯಲ್ಲಿ ಈಗ ಬಾಣಂತಿಯರು ಕೋಣೆಯಲ್ಲೇ ಇರುತ್ತಾರೆ. ಮುಟ್ಟಿನ ಮೂರು ದಿನ ಮಾತ್ರ ಇನ್ನೂ ಜಗುಲಿ ಮೇಲೆ.

ನಿಮ್ಮ ಮುಂದೆ ಇರುವ ದಾರಿಗಳು ಯಾವುವು? ಹಿರಿಯರು ಹೇಳಿದ ಹಾಗೆ ರಸ್ತೆ, ನೀರಿನ ಸಭೆ ಮಾಡಿ, ಇದನ್ನು ಆಮೇಲೆ ಎತ್ತೋಣ ಅಂತ ಕೂರಬಹುದು. ನಂಬಿಕೆ ಬೆಳೆಯುತ್ತದೆ, ಆದರೆ 'ಆಮೇಲೆ' ಅನ್ನುವುದು ಬರದೇ ಹೋಗುವ ಸಂಭವ ಜಾಸ್ತಿ. ಹಾಗೆ ಮಾಡುವುದಾದರೆ ಒಂದು ಷರತ್ತು ಇಡಿ. ನೀರಿನ ಮಾತನ್ನು ಹೆಂಗಸರೇ ಆಡಬೇಕು, ಕುರ್ಚಿ ಇದ್ದರೆ ಎಲ್ಲರಿಗೂ, ಇಲ್ಲದಿದ್ದರೆ ಎಲ್ಲರೂ ನೆಲದ ಮೇಲೆ. ಹಿರಿಯರ ಎದುರು ಮಾತಾಡಿ ಬಾಯಿ ಪಳಗಲಿ. ಗೆಳೆಯರ ಶಾಮಿಯಾನದ ಸಭೆ ಬೇಡವೇ ಬೇಡ, ನಾನು ತಿಂದ ಪೆಟ್ಟು ನೀವೂ ತಿನ್ನುವುದು ಯಾಕೆ? ಆ ದುಡ್ಡಲ್ಲಿ ಲಸಿಕೆ ದಿನ ಎಲ್ಲರಿಗೂ ಟೀ ಕೊಡಿಸಿ. ಮುಖ್ಯ ಊರಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದೂ ಒಂದು ದಾರಿ. ಆದರೆ ಹಟ್ಟಿಯ ಹೆಂಗಸರು ಅಲ್ಲಿಗೆ ಹೋಗುವುದೇ ಕಡಿಮೆ, ಹೋದರೂ ಬೇರೆ ಜಾತಿಯವರ ಮುಂದೆ ಮನೆ ವಿಷಯ ತೆಗೆಯಲ್ಲ. ಹಟ್ಟಿಗೆ ಅವಮಾನ ಆಯಿತು ಅಂತ ಬಾಗಿಲು ಮುಚ್ಚಿಕೊಳ್ಳಬಹುದು.

ನಾನಾಗಿದ್ದರೆ ಹೆಂಗಸರ ಸಣ್ಣ ಕೂಟದಿಂದ ಶುರು ಮಾಡುತ್ತಿದ್ದೆ, ನಾಲ್ಕೈದು ಜನ ಸಾಕು. ಸ್ತ್ರೀಶಕ್ತಿ ಸಂಘದ ದಿನ, ಇಲ್ಲವೇ ಯಾವುದೋ ಕೆಲಸದ ನೆಪ. ಗಂಡಸರ ಜೊತೆ ಮಾತು ಬೇರೆ ಹೊತ್ತಿಗೆ, ಕುರಿ ಕೂಡಿ ಊಟ ಮುಗಿದ ಮೇಲೆ, ಎಂಟೂವರೆ ಒಂಬತ್ತಕ್ಕೆ. ಅದಕ್ಕೂ ಮುಂಚೆ ಕರೆದರೆ ಬರುವುದು ಕೆಲಸ ಇಲ್ಲದವರು ಮಾತ್ರ. ಇದರ ಅಪಾಯವನ್ನೂ ಹೇಳಬೇಕು. ನಿಧಾನ. ನಿಮ್ಮ ಹೆಸರು ಎಲ್ಲೂ ಬರಲ್ಲ. ಮಾತು ಗುಟ್ಟಾಗಿ ಉಳಿಯಲ್ಲ, ಮೊದಲು ಬಾಯಿ ಬಿಟ್ಟ ಹೆಣ್ಣುಮಗಳ ಮೇಲೆ ಮನೆಯಲ್ಲಿ ಸಿಟ್ಟು ಬೀಳಬಹುದು. ಆದ್ದರಿಂದ ಯಾರನ್ನೂ ಒಬ್ಬಳೇ ಮುಂದೆ ಬಿಡಬೇಡಿ, ನಿಮ್ಮನ್ನೂ ಸೇರಿಸಿ. ನಿಮ್ಮ ಗೆಳೆಯರು ನಿಜವಾಗಿ ಹಿಂದೆ ನಿಲ್ಲುವುದಾದರೆ ನಿಲ್ಲಲಿ: ಫೋಟೋ ಬೇಡ, ಫ್ಲೆಕ್ಸ್ ಬೇಡ, ಹಟ್ಟಿಯವರು ಕರೆದಾಗ ಬರುವುದು, ಬೇಡ ಅಂದಾಗ ಬೇಸರ ಇಲ್ಲದೆ ವಾಪಸ್ ಹೋಗುವುದು. 'ಬೇಡ' ಅನ್ನುವ ಈ ಹಕ್ಕು ಯಜಮಾನರಿಗೆ ಇರುವ ಹಾಗೆ ಗುಡಿಸಲಲ್ಲಿ ಇರುವವಳಿಗೂ ಇರಬೇಕು. 'ನನಗೆ ಹೊರಗಿರುವುದು ಬೇಡ' ಅಂತ ಅವಳು ಅಂದರೆ ಅದೂ ಹಟ್ಟಿಯ ಮಾತೇ.

ಈಗ ಅಕ್ಕ. ಇಲ್ಲಿ ಹೂ ಕೇಳುತ್ತಾ ಕೂರಲು ಟೈಮಿಲ್ಲ.

ಹಸುಗೂಸು ತನ್ನ ಮೈಯ ಬಿಸಿಯನ್ನು ತಾನೇ ಉಳಿಸಿಕೊಳ್ಳಲಾರದು. ಗಾಳಿ ನುಗ್ಗುವ ಜಾಗದಲ್ಲಿ ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಇದ್ದರೂ ತಣ್ಣಗಾಗುತ್ತದೆ. ತಣ್ಣಗಾದ ಕೂಸು ಹಾಲು ಎಳೆಯಲ್ಲ, ಎಳೆಯದಿದ್ದರೆ ಇನ್ನೂ ತಣ್ಣಗಾಗುತ್ತದೆ. ತೂಕ ಕಡಿಮೆ ಇದ್ದರೆ, ಅವಳಿ ಆದರೆ ಅಪಾಯ ಇನ್ನೂ ಹೆಚ್ಚು. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಸಹಜ ಹೆರಿಗೆಯಾದರೂ 48 ಗಂಟೆ ಅಲ್ಲೇ ಇರಲಿ. ಆಮೇಲಿನ ದಿನಗಳಿಗೆ ಶಿರಾ ಪೇಟೆಯಲ್ಲಿ ನೆಂಟರ ಮನೆಯ ಒಂದು ಕೋಣೆ, ಇಲ್ಲವೇ ಬಾಡಿಗೆ ಕೋಣೆ ನೋಡಿ. ಹಟ್ಟಿಯ ಕಟ್ಟು ಹಟ್ಟಿಯ ಒಳಗೆ. ಈ ದಾರಿಯಲ್ಲಿ ಎಷ್ಟೋ ಕುಟುಂಬಗಳು ಯಾರ ಜೊತೆಯೂ ಜಗಳ ಇಲ್ಲದೆ ಬಾಣಂತನ ಮುಗಿಸಿವೆ. ಖರ್ಚು ಬರುತ್ತದೆ, ಪದ್ಧತಿಯೂ ಬದಲಾಗಲ್ಲ. ಈ ಸಲಕ್ಕೆ ಅದು ಪರವಾಗಿಲ್ಲ. ಅದೂ ಆಗದಿದ್ದರೆ ಬಾಗಿಲು, ಛಾವಣಿ, ಕರೆಂಟ್ ಇರುವ ಕೋಣೆಯೇ ಆಗಬೇಕು, ಟೆಂಟು ಅಲ್ಲ. ಕೂಸು ತಾಯಿಯ ಎದೆಗೆ ಮೈ ತಾಗಿ ಮಲಗಲಿ. ಹಾಲು ಕುಡಿಯದಿದ್ದರೆ, ಹೊಟ್ಟೆ ಮುಟ್ಟಿದಾಗ ತಣ್ಣಗಿದ್ದರೆ, ಉಸಿರು ಜೋರಾಗಿದ್ದರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ. ಬಲವಂತವಾಗಿ ಹೊರಗೆ ಕಳಿಸುತ್ತಿದ್ದಾರೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಅಥವಾ ಮಹಿಳೆಯರ ಸಹಾಯವಾಣಿ 181. ಈ ನಂಬರುಗಳನ್ನು ಅಕ್ಕನ ಫೋನಿನಲ್ಲೂ ಹಾಕಿಕೊಡಿ.

ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ಕೂಸನ್ನು ನೋಡಬೇಕು, ಎಲ್ಲೇ ಇದ್ದರೂ. ಈ ವಾರವೇ ಅವರನ್ನು ತಾಯಿ ಕಾರ್ಡ್ ನೋಡುವ ನೆಪದಲ್ಲಿ ಮನೆಗೆ ಕರೆಯಿರಿ. ಕೂಸಿನ ಬಿಸಿಯ ವಿಷಯವನ್ನು ಅವರ ಬಾಯಲ್ಲೇ ಹೇಳಿಸಿ. ಆಗ ದೊಡ್ಡಮ್ಮ ಅಡುಗೆಮನೆಯಲ್ಲಿರದೆ ಪಕ್ಕದಲ್ಲೇ ಕೂತಿರುವ ಹಾಗೆ ನೋಡಿಕೊಳ್ಳಿ. ಪೇಟೆಯ ಕೋಣೆಯ ಮಾತನ್ನು ದೊಡ್ಡಪ್ಪನ ಹತ್ತಿರ ನೀವು ತೆಗೆಯಬೇಡಿ, ದೊಡ್ಡಮ್ಮ ತೆಗೆಯಲಿ.